ಶಿರಸಿಯಿಂದ ಕಠ್ಮಂಡುವಿಗೆ ಎಷ್ಟು ತಾಸು? ಟಿಕೆಟ್ ತೆಗೆಯುವ ಮೊದಲು ಹಾಕಬೇಕಾದ ಲೆಕ್ಕ

ಕಠ್ಮಂಡುವಿಗೆ ಎಷ್ಟು ಹೊತ್ತಿನ ದಾರಿ ಎಂದು ಯಾರಾದರೂ ಕೇಳಿದರೆ ನಾನು ಎರಡು ಉತ್ತರ ಕೊಡುತ್ತೇನೆ. ದೆಹಲಿಯ ಇಂದಿರಾ ಗಾಂಧಿ ವಿಮಾನ ನಿಲ್ದಾಣದಿಂದ ಕಠ್ಮಂಡುವಿನ ತ್ರಿಭುವನ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 815 ಕಿಲೋಮೀಟರ್. ಒಂದೂಮುಕ್ಕಾಲು ತಾಸಿನ ಹಾರಾಟ. ಶಿರಸಿಯ ಮನೆಯ ಬಾಗಿಲಿನಿಂದ ಲೆಕ್ಕ ಹಿಡಿದರೆ ಹದಿನಾರು, ಹದಿನೇಳು ತಾಸು. ಕೇಳಿದವರು ಮೊದಲನೆಯದನ್ನು ನೆನಪಿಟ್ಟುಕೊಳ್ಳುತ್ತಾರೆ, ಎರಡನೆಯದನ್ನು ದಾರಿಯಲ್ಲಿ ಅನುಭವಿಸುತ್ತಾರೆ.

ನಮ್ಮ ಜಿಲ್ಲೆಯವರಿಗೆ ನೇಪಾಳ ತೀರ ಪರದೇಶವೇನಲ್ಲ. ಪಶುಪತಿನಾಥನ ಮುಖ್ಯ ಅರ್ಚಕರು ಕರ್ನಾಟಕದ ಕಡೆಯ ಭಟ್ಟರು ಎಂಬುದನ್ನು ಹಿರಿಯರು ಅಭಿಮಾನದಿಂದ ಹೇಳುತ್ತಾರೆ. ಕಠ್ಮಂಡು ಕಣಿವೆಯಲ್ಲಿ ಬಾಗ್ಮತಿ ನದಿಯ ದಂಡೆಗೆ ಒಂದು ಗೋಕರ್ಣವೂ ಇದೆ, ಅಲ್ಲಿ ಗೋಕರ್ಣೇಶ್ವರ ಮಹಾದೇವನ ಗುಡಿಯೂ ಇದೆ. ಹಾಗಾಗಿ ಮಗ ಬೆಂಗಳೂರಿನಲ್ಲಿ ಕೆಲಸ ಹಿಡಿದ ಮೇಲೆ ಅಪ್ಪ ಅಮ್ಮನನ್ನು ಕಾಶಿಗೆ ಕಳಿಸುವುದು, ಅದಾದ ಮರುವರ್ಷ ಪಶುಪತಿಗೆ ಕಳಿಸುವುದು ಈಗ ನಮ್ಮಲ್ಲಿ ಸಾಮಾನ್ಯ. ಟಿಕೆಟ್ ತೆಗೆಯುವವನು ಬೆಂಗಳೂರಿನಲ್ಲಿ ಕುಳಿತಿರುತ್ತಾನೆ, ಹೊರಡುವವರು ಘಟ್ಟದ ಮೇಲಿರುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ.

ದೂರವನ್ನು ನೀವೇ ಅಳೆಯಿರಿ

ಮೊಬೈಲ್ ಒತ್ತಿದರೆ ದೂರ ಬರುತ್ತದೆ, ನಿಜ. ಆದರೆ ಒಂದು ಪುಟ 815 ಎಂದರೆ ಇನ್ನೊಂದು ಸಾವಿರದ ಮೇಲೆ ಹೇಳುತ್ತದೆ. ಒಂದು ಆಕಾಶದ ದೂರ, ಇನ್ನೊಂದು ರಸ್ತೆಯ ದೂರ. ಯಾವುದು ಯಾವುದೆಂದು ತಿಳಿಯಲು ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಹೈಸ್ಕೂಲಿನ ಗಣಿತ ಸಾಕು.

ಮೊಬೈಲಿನ ನಕಾಶೆಯಲ್ಲಿ ವಿಮಾನ ನಿಲ್ದಾಣದ ಮೇಲೆ ಬೆರಳು ಒತ್ತಿ ಹಿಡಿದರೆ ಅಕ್ಷಾಂಶ, ರೇಖಾಂಶ ಕಾಣುತ್ತವೆ. ದೆಹಲಿ ನಿಲ್ದಾಣದ್ದು ಉತ್ತರ 28.57, ಪೂರ್ವ 77.10. ಕಠ್ಮಂಡುವಿನದು ಉತ್ತರ 27.70, ಪೂರ್ವ 85.36. ಅಕ್ಷಾಂಶದ ಒಂದು ಡಿಗ್ರಿ ಎಲ್ಲೇ ಆಗಲಿ ಸುಮಾರು 111 ಕಿಲೋಮೀಟರ್. ರೇಖಾಂಶದ ಡಿಗ್ರಿ ಹಾಗಲ್ಲ, ಉತ್ತರಕ್ಕೆ ಹೋದಂತೆ ಕಿರಿದಾಗುತ್ತದೆ. ದೆಹಲಿ ಮತ್ತು ಕಠ್ಮಂಡುವಿನ ಮಟ್ಟದಲ್ಲಿ ಅದು 98 ಕಿಲೋಮೀಟರ್. ಎರಡು ಊರುಗಳ ಅಕ್ಷಾಂಶದ ವ್ಯತ್ಯಾಸ 0.87 ಡಿಗ್ರಿ, ಅಂದರೆ 97 ಕಿಲೋಮೀಟರ್. ರೇಖಾಂಶದ ವ್ಯತ್ಯಾಸ 8.26 ಡಿಗ್ರಿ, ಅಂದರೆ 809 ಕಿಲೋಮೀಟರ್. ಎರಡನ್ನೂ ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದರೆ 815. ಕಠ್ಮಂಡು ದೆಹಲಿಗಿಂತ ತುಸು ದಕ್ಷಿಣಕ್ಕಿದೆ ಎಂಬುದೂ ಈ ಲೆಕ್ಕದಲ್ಲೇ ಗೊತ್ತಾಗುತ್ತದೆ. ಹಿಮಾಲಯ ಎಂದೊಡನೆ ಉತ್ತರಕ್ಕೆ ಹಾರಬೇಕೆಂದುಕೊಳ್ಳುವವರಿಗೆ ಇದು ಸಣ್ಣ ಅಚ್ಚರಿ. ವಿಮಾನ ಹಾರುವುದು ಹೆಚ್ಚುಕಡಿಮೆ ನೇರ ಪೂರ್ವಕ್ಕೆ. ಆದ್ದರಿಂದ ಹೋಗುವಾಗ ಎಡಬದಿಯ ಕಿಟಕಿ ಕೇಳಿ, ಬರುವಾಗ ಬಲಬದಿಯದು. ಹಿಮದ ಶಿಖರಗಳು ಕಾಣುವುದು ಆ ಕಡೆಗೆ.

ಇದೇ ಲೆಕ್ಕವನ್ನು ಗೋವಾದ ದಾಬೋಳಿಯಿಂದ ಹಾಕಿದರೆ ಕಠ್ಮಂಡು ನೇರಕ್ಕೆ ಸುಮಾರು 1,810 ಕಿಲೋಮೀಟರ್. ಬೆಂಗಳೂರಿನ ದೇವನಹಳ್ಳಿಯಿಂದ ಹಾಕಿದರೂ ಸುಮಾರು 1,800. ಎರಡೂ ಒಂದೇ! ಆದರೆ ಗೋವಾದಿಂದ ದೆಹಲಿಗೆ 1,505, ಅಲ್ಲಿಂದ ಮುಂದೆ 815; ಒಟ್ಟು 2,320. ದೆಹಲಿಯ ಮೇಲೆ ಸುತ್ತಿ ಹೋಗುವವರು 500 ಕಿಲೋಮೀಟರ್ ಹೆಚ್ಚು ಹಾರುತ್ತಾರೆ. ಕಾರವಾರದಿಂದ ಬೆಂಗಳೂರಿನವರೆಗಿನ ರಸ್ತೆಯಷ್ಟು ಉದ್ದದ ಸುತ್ತು ಅದು.

ದೂರದಿಂದ ಹೊತ್ತಿಗೆ

ದೊಡ್ಡ ವಿಮಾನ ಮೇಲೆ ಹೋದ ಮೇಲೆ ತಾಸಿಗೆ ಸುಮಾರು 800 ಕಿಲೋಮೀಟರ್ ಓಡುತ್ತದೆ. ಆದರೆ ಟಿಕೆಟ್ಟಿನಲ್ಲಿ ಬರೆದ ಹೊತ್ತು ಹಾರುವ ಹೊತ್ತಲ್ಲ. ಬಾಗಿಲು ಮುಚ್ಚಿ ಹಿಂದೆ ಸರಿದಾಗಿನಿಂದ ಇನ್ನೊಂದು ಕಡೆ ನಿಲ್ಲುವವರೆಗಿನದು. ರನ್‌ವೇ ತನಕ ತೆವಳುವುದು, ಏರುವುದು, ಇಳಿಯುವುದು ಎಲ್ಲ ಸೇರಿ ಮೂವತ್ತೈದು, ನಲವತ್ತು ನಿಮಿಷ ಕೂಡಿಸಿದರೆ ಲೆಕ್ಕ ಕೂಡುತ್ತದೆ. 815ನ್ನು 800ರಿಂದ ಭಾಗಿಸಿದರೆ ಒಂದು ತಾಸು. ಜೊತೆಗೆ ನಲವತ್ತು ನಿಮಿಷ. ಗೋವಾದಿಂದ ದೆಹಲಿಗೆ ಹೀಗೆಯೇ ಎರಡೂವರೆ ತಾಸಿನ ಆಚೀಚೆ, ಬೆಂಗಳೂರಿನಿಂದ ಕಠ್ಮಂಡುವಿಗೆ ಮೂರು ತಾಸಿನ ಆಸುಪಾಸು. ವೇಳಾಪಟ್ಟಿಯಲ್ಲಿ ಇದಕ್ಕಿಂತ ತುಂಬಾ ಹೆಚ್ಚು ಕಂಡರೆ ನಡುವೆ ಎಲ್ಲೋ ಇಳಿಸಿ ಕೂರಿಸುತ್ತಾರೆ ಎಂದೇ ಅರ್ಥ. ಟಿಕೆಟ್ ಪುಟದಲ್ಲಿ ‘ಒಟ್ಟು ಅವಧಿ’ ಎಂದು ಹದಿನೆಂಟು ತಾಸು ಬರೆದಿದ್ದರೆ ಅದರಲ್ಲಿ ಹದಿಮೂರು ತಾಸು ದೆಹಲಿಯ ಕುರ್ಚಿಯ ಮೇಲೆ ಕಳೆಯುವುದಿರುತ್ತದೆ. ಅದನ್ನು ಬಿಡಿಸಿ ನೋಡದೆ ಹಣ ಕಟ್ಟಬೇಡಿ.

ಗಾಳಿಯದೂ ಒಂದು ಪಾಲಿದೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಎತ್ತರದಲ್ಲಿ ಪಶ್ಚಿಮದಿಂದ ಬಲವಾದ ಗಾಳಿ ಬೀಸುತ್ತದೆ. ಹೋಗುವಾಗ ಅದು ಬೆನ್ನಿಗೆ, ಬರುವಾಗ ಎದೆಗೆ. ಹಾಗಾಗಿ ವಾಪಸು ಬರುವುದಕ್ಕೆ ಹತ್ತಿಪ್ಪತ್ತು ನಿಮಿಷ ಹೆಚ್ಚು ಹಿಡಿಯಬಹುದು.

ಕಠ್ಮಂಡುವಿನ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 1,338 ಮೀಟರ್ ಎತ್ತರದಲ್ಲಿ, ನಾಲ್ಕೂ ಕಡೆ ಬೆಟ್ಟಗಳಿರುವ ಬೋಗುಣಿಯಂಥ ಕಣಿವೆಯಲ್ಲಿದೆ. ಇರುವುದು ಒಂದೇ ರನ್‌ವೇ. ದೊಡ್ಡ ವಿಮಾನ, ಬೆಟ್ಟದೂರುಗಳಿಗೆ ಹೋಗುವ ಪುಟ್ಟ ವಿಮಾನ, ಎಲ್ಲವೂ ಅದರಲ್ಲೇ ಸರದಿ ಕಾಯಬೇಕು. ಸಂತೆಯ ದಿನ ಶಿರಸಿಯ ಐದು ರಸ್ತೆ ಕೂಡುವಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಕಾಶದಲ್ಲಿ ಅರ್ಧ ತಾಸು ಸುತ್ತಿಸುವುದು ಅಲ್ಲಿ ಅಪರೂಪವಲ್ಲ. ಗಾಬರಿಯಾಗಬೇಡಿ, ಆದರೆ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಆ ಹದಿನೈದು ನಿಮಿಷ

ಭಾರತದ ಗಡಿಯಾರ ಗ್ರೀನಿಚ್ಚಿಗಿಂತ ಐದೂವರೆ ತಾಸು ಮುಂದು, ನೇಪಾಳದ್ದು ಐದೂಮುಕ್ಕಾಲು. ಗೌರೀಶಂಕರ ಶಿಖರದ ಹತ್ತಿರ ಹಾಯುವ 86 ಡಿಗ್ರಿ 15 ಮಿನಿಟಿನ ರೇಖಾಂಶವನ್ನು ಹಿಡಿದು ಅವರು 1986ರಿಂದ ಹೀಗೆ ಇಟ್ಟುಕೊಂಡಿದ್ದಾರೆ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಗುಣಿಸಿದರೆ ಸರಿಯಾಗಿ ಐದೂಮುಕ್ಕಾಲು ತಾಸು ಬರುತ್ತದೆ.

ಟಿಕೆಟ್ಟಿನಲ್ಲಿ ಹೊರಡುವ ಸಮಯ ಆ ಊರಿನದು, ತಲುಪುವ ಸಮಯ ಈ ಊರಿನದು. ದೆಹಲಿಯಲ್ಲಿ ಮಧ್ಯಾಹ್ನ 1 ಗಂಟೆಗೆ ಹೊರಟು ಕಠ್ಮಂಡುವಿಗೆ 2.55ಕ್ಕೆ ತಲುಪುತ್ತದೆ ಎಂದು ಬರೆದಿದ್ದರೆ ಹಾರಾಟ 1 ತಾಸು 55 ನಿಮಿಷ ಅಲ್ಲ, 1 ತಾಸು 40 ನಿಮಿಷ. ವಾಪಸು ಬರುವಾಗ ಸಂಜೆ 4ಕ್ಕೆ ಹೊರಟು ದೆಹಲಿಗೆ 5.35 ಎಂದಿದ್ದರೆ ಅದು 1 ತಾಸು 35 ನಿಮಿಷವಲ್ಲ, 1 ತಾಸು 50 ನಿಮಿಷ. ಗಡಿಯಾರ ನೋಡಿದರೆ ಬರುವ ದಾರಿ ಚಿಕ್ಕದು, ಕುರ್ಚಿಯಲ್ಲಿ ಕುಳಿತವರಿಗೆ ಬರುವ ದಾರಿಯೇ ಉದ್ದ. ಹೋಗುವಾಗ ಹದಿನೈದು ಕಳೆಯಿರಿ, ಬರುವಾಗ ಹದಿನೈದು ಕೂಡಿಸಿ, ಅಷ್ಟೇ ಸೂತ್ರ.

ಹದಿನೈದು ನಿಮಿಷಕ್ಕೆ ಇಷ್ಟು ಉಪದೇಶ ಏಕೆಂದರೆ, ನಮ್ಮ ಮಾವನವರು ಕೀಲಿ ಕೊಡುವ ಕೈಗಡಿಯಾರದವರು. ಮೂರು ದಿನ ಕಠ್ಮಂಡುವಿನಲ್ಲಿದ್ದರೂ ಅವರ ಮುಂಗೈಯಲ್ಲಿ ಶಿರಸಿಯ ಸಮಯವೇ ನಡೆಯುತ್ತಿತ್ತು. ಹೊರಡುವ ದಿನ ತ್ರಿಭುವನ ನಿಲ್ದಾಣದಲ್ಲಿ ‘ಇನ್ನೂ ಇಪ್ಪತ್ತು ನಿಮಿಷ ಇದೆಯಲ್ಲ, ಒಂದು ಚಹಾ ಕುಡಿದು ಬರುತ್ತೇನೆ ಮಾರಾಯ’ ಎಂದು ಹೋದವರನ್ನು ನಾನು ಅರ್ಧ ಲೋಟ ಬಿಡಿಸಿ ಎಳೆದುಕೊಂಡು ಬರಬೇಕಾಯಿತು. ಮೊಬೈಲ್ ಕೂಡ ನಂಬಿಕೆಗೆ ಅರ್ಹವಲ್ಲ: ರೋಮಿಂಗ್ ಇಲ್ಲದ ಸಿಮ್ ನೇಪಾಳದ ಸಮಯಕ್ಕೆ ತಾನಾಗಿ ಬದಲಾಗದೆ ಇರಬಹುದು. ವಿಮಾನ ಇಳಿದ ಕೂಡಲೇ ಕೈಯಿಂದ ಸರಿಪಡಿಸಿ.

ಇನ್ನೊಂದು ಮಜ. ಕಾರವಾರಕ್ಕೂ ಕಠ್ಮಂಡುವಿಗೂ ರೇಖಾಂಶದಲ್ಲಿ ಹನ್ನೊಂದು ಡಿಗ್ರಿ ಅಂತರ. ಅಂದರೆ ಸೂರ್ಯ ಅಲ್ಲಿ ಸುಮಾರು ನಲವತ್ತೈದು ನಿಮಿಷ ಮೊದಲು ಬರುತ್ತಾನೆ, ಗಡಿಯಾರ ಮಾತ್ರ ಹದಿನೈದೇ ನಿಮಿಷ ಮುಂದೆ. ಬೆಳಗಿನ ಪೂಜೆಗೆ ಹೊರಡುವವರಿಗೆ ಅಲ್ಲಿ ಬೇಗ ಬೆಳಕು ಹರಿದಂತೆ ಕಾಣುವುದು ಅದಕ್ಕೆ.

ಎಲ್ಲಿಂದ ಹತ್ತುವುದು

ನಮ್ಮ ಜಿಲ್ಲೆಯಲ್ಲಿ ನಾಗರಿಕರು ಹತ್ತುವ ವಿಮಾನ ನಿಲ್ದಾಣ ಇಲ್ಲ. ಅಂಕೋಲಾ ಬಳಿಯ ಅಲಗೇರಿಯ ಹೆಸರು ಬಹುಕಾಲದಿಂದ ಕೇಳುತ್ತಿದ್ದೇವೆ. ಅದಾಗುವವರೆಗೆ ದಾರಿಗಳು ನಾಲ್ಕು.

ಭಟ್ಕಳ, ಹೊನ್ನಾವರದವರಿಗೆ ಮಂಗಳೂರು ಇದೆ. ಭಟ್ಕಳದಿಂದ ಸುಮಾರು 140 ಕಿಲೋಮೀಟರ್. ಶಿರಸಿ, ಯಲ್ಲಾಪುರ, ಮುಂಡಗೋಡದವರಿಗೆ ಹುಬ್ಬಳ್ಳಿಯೇ ಹತ್ತಿರ; ಶಿರಸಿಯಿಂದ ನೂರು ಕಿಲೋಮೀಟರ್, ಘಟ್ಟ ಇಳಿಯುವ ಗೋಜಿಲ್ಲ. ಹುಬ್ಬಳ್ಳಿಯಿಂದ ದೆಹಲಿಗೆ ನೇರ ವಿಮಾನ ಇರುವ ದಿನ ನಿಮ್ಮ ಪ್ರಯಾಣಕ್ಕೆ ಹೊಂದಿದರೆ ಬೇರೆ ಯೋಚನೆ ಬೇಡ.

ಕಾರವಾರ, ಅಂಕೋಲಾದವರಿಗೆ ಗೋವಾ. ಇಲ್ಲಿ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣ. ದಕ್ಷಿಣದ ದಾಬೋಳಿ ಹಳೆಯದು, ಟಿಕೆಟ್ಟಿನಲ್ಲಿ ಅದರ ಗುರುತು ಜಿ-ಒ-ಐ. ಉತ್ತರದ ತುದಿಯಲ್ಲಿರುವ ಮೋಪಾ ಹೊಸದು, 2023ರ ಜನವರಿ 5ರಿಂದ ಅಲ್ಲಿ ವಿಮಾನ ಓಡುತ್ತಿವೆ, ಅದರ ಗುರುತು ಜಿ-ಒ-ಎಕ್ಸ್. ಒಂದೇ ಒಂದು ಅಕ್ಷರದ ವ್ಯತ್ಯಾಸ. ಕಾರವಾರದಿಂದ ದಾಬೋಳಿಗೆ ತೊಂಬತ್ತು ಚಿಲ್ಲರೆ ಕಿಲೋಮೀಟರ್, ಎರಡು ಎರಡೂವರೆ ತಾಸು. ಮೋಪಾ ಪಣಜಿಯನ್ನೂ ದಾಟಿ ಮಹಾರಾಷ್ಟ್ರದ ಗಡಿಯ ಕಡೆಗೆ ಇದೆ. ಇನ್ನೂ ಒಂದು ತಾಸಿನ ಮೇಲೆ ಹಿಡಿಯಿರಿ. ಭಾವ ಕಡಿಮೆ ದರ ನೋಡಿ ತೆಗೆದ ಟಿಕೆಟ್ ಹಿಡಿದು ನಾವು ನಸುಕಿನ ನಾಲ್ಕು ಗಂಟೆಗೆ ದಾಬೋಳಿಯ ಬಾಗಿಲಲ್ಲಿ ನಿಂತಾಗ, ಕಾವಲಿನವನು ಕಾಗದ ನೋಡಿ ನಕ್ಕ. ಟ್ಯಾಕ್ಸಿ ಹಿಡಿದು ಅರವತ್ತು ಕಿಲೋಮೀಟರ್ ಓಡಿದ್ದಾಯಿತು. ನಮ್ಮ ವಿಮಾನ ಮೇಲೇರುವುದನ್ನು ಮೋಪಾದ ವಾಹನ ನಿಲುಗಡೆಯಿಂದ ನೋಡಿದೆವು; ಚೆನ್ನಾಗಿಯೇ ಹಾರಿತು.

ನೇಪಾಳದ ಕಡೆಯಲ್ಲೂ ಇದೇ ಎಚ್ಚರಿಕೆ ಇರಲಿ. 2022ರಲ್ಲಿ ಭೈರಹವಾದಲ್ಲಿ, 2023ರಲ್ಲಿ ಪೋಖರಾದಲ್ಲಿ ಹೊಸ ಅಂತಾರಾಷ್ಟ್ರೀಯ ನಿಲ್ದಾಣಗಳು ಶುರುವಾಗಿವೆ. ಪಶುಪತಿಗೆ ಹೋಗುವವರ ಟಿಕೆಟ್ಟಿನಲ್ಲಿ ಕೆ-ಟಿ-ಎಂ ಎಂದೇ ಇರಬೇಕು.

ನಾಲ್ಕನೆಯದು ಬೆಂಗಳೂರು. ವಯಸ್ಸಾದವರಿಗೆ ನಾನು ಹೇಳುವುದು ಇದನ್ನೇ. ರಾತ್ರಿ 9ಕ್ಕೆ ಶಿರಸಿಯಲ್ಲಿ ಸ್ಲೀಪರ್ ಬಸ್ ಹತ್ತಿದರೆ 400 ಕಿಲೋಮೀಟರ್ ಮಲಗಿಯೇ ಕಳೆಯುತ್ತದೆ. ಬಸ್ ತುಮಕೂರು ರಸ್ತೆಯಲ್ಲಿ ಬರುತ್ತದೆ. ಮೆಜೆಸ್ಟಿಕ್ ತನಕ ಹೋಗಿ ಹಿಂದಿರುಗುವ ಬದಲು ಗೊರಗುಂಟೆಪಾಳ್ಯದಲ್ಲೇ ಇಳಿದು ಹೆಬ್ಬಾಳದ ಮೇಲೆ ದೇವನಹಳ್ಳಿಯ ದಾರಿ ಹಿಡಿದರೆ ಮುಕ್ಕಾಲು ತಾಸು ಉಳಿಯುತ್ತದೆ. ಅಂತಾರಾಷ್ಟ್ರೀಯ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್‌ನಿಂದ. ನೇರ ವಿಮಾನ ಸಿಗುವ ದಿನ ಇದರಷ್ಟು ಸುಖ ಇನ್ನೊಂದಿಲ್ಲ: ಒಂದೇ ತಪಾಸಣೆ, ಒಂದೇ ಕಾಯುವಿಕೆ. ಒಟ್ಟು ತಾಸುಗಳಲ್ಲಿ ದೊಡ್ಡ ಉಳಿತಾಯವಿಲ್ಲ, ಉಳಿಯುವುದು ಮೊಣಕಾಲು.

ಕೊನೆಯಿಂದ ಹಿಂದಕ್ಕೆ ಎಣಿಸಿ

ಎಲ್ಲರೂ ಮನೆಯಿಂದ ಹೊರಡುವ ಹೊತ್ತಿನಿಂದ ಲೆಕ್ಕ ಶುರುಮಾಡುತ್ತಾರೆ. ಮಾಡಬೇಕಾದುದು ತಿರುಗಮುರುಗ. ಗಡಿ ದಾಟಿಸುವ ವಿಮಾನವನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದೆ ಬನ್ನಿ. ಒಂದು ಕಾಗದದ ಮೇಲೆ ಬರೆದುಕೊಳ್ಳಿ, ಎಲ್ಲವೂ ಭಾರತದ ಸಮಯದಲ್ಲಿ.

ದೆಹಲಿಯಿಂದ ಮಧ್ಯಾಹ್ನ 1ಕ್ಕೆ ವಿಮಾನ ಎಂದಿಟ್ಟುಕೊಳ್ಳಿ. ವಿದೇಶ ಪ್ರಯಾಣವಾದ್ದರಿಂದ ಮೂರು ತಾಸು ಮೊದಲು, ಅಂದರೆ 10ಕ್ಕೆ ಮೂರನೇ ಟರ್ಮಿನಲ್‌ನಲ್ಲಿ ಇರಬೇಕು. ಗೋವಾದಿಂದ ಬರುವ ವಿಮಾನ ಒಂದನೇ ಟರ್ಮಿನಲ್‌ನಲ್ಲಿ ಇಳಿಸಿದರೆ ಅಲ್ಲಿಂದ ಮೂರನೆಯದಕ್ಕೆ ನಡೆದು ಹೋಗಲಾಗದು; ಎರಡೂ ಬೇರೆ ಬೇರೆ ಮೂಲೆಯಲ್ಲಿವೆ, ಬಸ್ಸೋ ಟ್ಯಾಕ್ಸಿಯೋ ಹಿಡಿಯಬೇಕು. ಆದ್ದರಿಂದ ಬೆಳಿಗ್ಗೆ 9ಕ್ಕೆ ದೆಹಲಿಯಲ್ಲಿ ಇಳಿದಿರಬೇಕು. ಗೋವಾ ಬಿಡುವುದು 6.25ಕ್ಕೆ. ದಾಬೋಳಿಗೆ ಎರಡು ತಾಸು ಮೊದಲು, 4.25ಕ್ಕೆ. ಕಾರವಾರ ಬಿಡುವುದು 2 ಗಂಟೆಗೆ. ಶಿರಸಿಯಿಂದ ಕುಮಟಾ ಮೇಲೆ ಇಳಿದು ಬರುವವರು ಹಿಂದಿನ ರಾತ್ರಿ 11ಕ್ಕೇ ಕಾರು ಹತ್ತಬೇಕು. ಕಠ್ಮಂಡುವಿನಲ್ಲಿ ಚಕ್ರ ನೆಲ ಮುಟ್ಟಿ ನಿಲ್ಲುವುದು ನಮ್ಮ ಸಮಯ 2.40ಕ್ಕೆ. ಹದಿನೈದು ತಾಸು ನಲವತ್ತು ನಿಮಿಷ. ಹೊರಗೆ ಬರಲು ಇನ್ನೊಂದು ತಾಸು. ದೇಶ ದಾಟಿಸಿದ ಹಾರಾಟ ಇದರಲ್ಲಿ ಹತ್ತನೆಯ ಒಂದು ಪಾಲು.

ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿದ್ದರೆ ದೆಹಲಿಯ ನಡುವಣ ಹೊತ್ತನ್ನು ಕಡಿಮೆ ಮಾಡಿಕೊಳ್ಳಬಹುದು. ಚೀಲ ಹೆಚ್ಚಾಗಿ ನೇರ ಕಠ್ಮಂಡುವಿಗೆ ಹೋಗುತ್ತದೆ. ಮೊದಲನೆಯದು ತಡವಾದರೆ ಮುಂದಿನದಕ್ಕೆ ಹೊಂದಿಸಿಕೊಡುವ ಹೊಣೆಯೂ ಅವರದು. ಬೇರೆ ಬೇರೆ ಟಿಕೆಟ್ ತೆಗೆದರೆ ಮುನ್ನೂರೋ ನಾನೂರೋ ಉಳಿಯಬಹುದು. ಆದರೆ ಚೀಲ ಎತ್ತಿಕೊಂಡು, ಹೊರಬಂದು, ಮತ್ತೆ ಸಾಲು ನಿಂತು, ತಡವಾದರೆ ಯಾರನ್ನೂ ಕೇಳುವಂತಿಲ್ಲ. ಹಿರಿಯರ ಜೊತೆ ಹೋಗುವವರು ಈ ಉಳಿತಾಯಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಡಾಖಂಡಿತ ಅಭಿಪ್ರಾಯ.

ಮಳೆ ಮತ್ತು ಮಂಜು

ಮೇಲಿನ ಲೆಕ್ಕ ನವೆಂಬರಿನದು. ಜೂನ್ ದಾಟಿದರೆ ನಮ್ಮ ಕಡೆಯ ತುದಿ ಸಡಿಲವಾಗುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿದ್ದು, ಮರುತಿಂಗಳು 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿದ್ದದ್ದು ಯಾರಿಗೂ ಮರೆತಿಲ್ಲ. ಎರಡೂ ಗೋವಾಕ್ಕೆ ಹೋಗುವ ದಾರಿಯ ಮೇಲೇ. ದೇವಿಮನೆ ಘಟ್ಟ ಮುಚ್ಚಿದೆಯೇ ಎಂದು ಹಿಂದಿನ ದಿನ ವಿಚಾರಿಸಿ; ಮುಚ್ಚಿದ್ದರೆ ಯಲ್ಲಾಪುರದಿಂದ ಅರಬೈಲ್ ಇಳಿಯಬೇಕು ಅಥವಾ ಸಿದ್ದಾಪುರದ ಕಡೆಯಿಂದ ಹೊನ್ನಾವರಕ್ಕೆ ಬರಬೇಕು. ಕೊಂಕಣ ರೈಲ್ವೆ ಮಳೆಗಾಲದಲ್ಲಿ ಬೇರೆ ವೇಳಾಪಟ್ಟಿಯಲ್ಲಿ, ಕಡಿಮೆ ವೇಗದಲ್ಲಿ ಓಡುತ್ತದೆ. ಮಳೆಗಾಲದಲ್ಲಿ ಒಂದು ರಾತ್ರಿ ಮಡಗಾಂವ್‌ನಲ್ಲೋ ಹುಬ್ಬಳ್ಳಿಯಲ್ಲೋ ಉಳಿಯುವ ಖರ್ಚನ್ನು ಟಿಕೆಟ್ ಹಣದಲ್ಲೇ ಸೇರಿಸಿ ಎಣಿಸಿ.

ಡಿಸೆಂಬರ್ ಕೊನೆ, ಜನವರಿಯಲ್ಲಿ ತೊಂದರೆ ಆ ತುದಿಯಲ್ಲಿ. ದೆಹಲಿಯಲ್ಲಿ ಬೆಳಗಿನ ಮಂಜು, ಕಠ್ಮಂಡುವಿನ ಕಣಿವೆಯಲ್ಲೂ ಮಂಜು. ಮಧ್ಯಾಹ್ನದ ವಿಮಾನ ಆರಿಸಿಕೊಂಡರೆ ಎರಡಕ್ಕೂ ಕರಗಲು ಹೊತ್ತು ಸಿಗುತ್ತದೆ.

ಕಾಗದಪತ್ರ

ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ವಿಮಾನದಲ್ಲಿ ಹೋಗುವ ವಯಸ್ಕರಿಗೆ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಗುರುತಿನ ಚೀಟಿ ಬೇಕು; ಆಧಾರ್ ಒಂದನ್ನೇ ಹಿಡಿದು ಹೋಗಬೇಡಿ. 65 ದಾಟಿದವರಿಗೂ 15ರೊಳಗಿನ ಮಕ್ಕಳಿಗೂ ಆಧಾರ್ ಸೇರಿದಂತೆ ಭಾವಚಿತ್ರವಿರುವ ಬೇರೆ ಗುರುತಿನ ಚೀಟಿಗಳೂ ನಡೆಯುತ್ತವೆ. ಚೀಟಿಯಲ್ಲಿ ‘ಗಣಪತಿ ರಾಮ ಹೆಗಡೆ’, ಟಿಕೆಟ್ಟಿನಲ್ಲಿ ‘ಜಿ. ಆರ್. ಹೆಗಡೆ’ ಎಂದಿರುವುದು ನಮ್ಮ ಕಡೆಯ ಹಳೆಯ ರೋಗ. ಚೀಟಿಯಲ್ಲಿದ್ದಂತೆಯೇ ಟಿಕೆಟ್ಟಿನಲ್ಲೂ ಇರಲಿ. ಜೇಬಿನಲ್ಲಿ ನೂರರ ನೋಟುಗಳಿರಲಿ. ನಮ್ಮ ನೂರು ಅಲ್ಲಿ 160 ನೇಪಾಳಿ ರೂಪಾಯಿ.

ಇಳಿದ ಮೇಲೆ ಅವಸರ ಬೇಡ. ಪಶುಪತಿನಾಥನ ಗುಡಿ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ, ಟ್ಯಾಕ್ಸಿಗೆ ಕೆಲವೇ ನಿಮಿಷ. ಆದರೆ ಗರ್ಭಗುಡಿಯ ದರ್ಶನ ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆರೆಯುತ್ತದೆ. ಮೂರು ಗಂಟೆಗೆ ಇಳಿದವರು ಸ್ನಾನ ಮುಗಿಸಿ ಹೋಗುವಷ್ಟು ಹೊತ್ತು ಸರಿಯಾಗಿ ನಡುವೆ ಸಿಗುತ್ತದೆ.

ವಾಪಸು ಬರುವ ದಿನ ಅದೇ ಕಾಗದವನ್ನು ತಿರುಗಿಸಿ ಬರೆಯಿರಿ. ಕಠ್ಮಂಡು ಸಂಜೆ 4ಕ್ಕೆ ಬಿಟ್ಟರೆ ದೆಹಲಿಗೆ 5.35, ಅಲ್ಲಿಂದ ರಾತ್ರಿಯ ವಿಮಾನ ಹಿಡಿದರೆ ಗೋವಾಕ್ಕೆ ಮಧ್ಯರಾತ್ರಿಯ ಹೊತ್ತು. ಆ ಹೊತ್ತಿನಲ್ಲಿ ನಿದ್ದೆಗಣ್ಣಿನ ಚಾಲಕನೊಡನೆ ಘಟ್ಟ ಹತ್ತುವುದಕ್ಕಿಂತ ಮಡಗಾಂವ್‌ನಲ್ಲಿ ಮಲಗಿ, ಬೆಳಗಿನ ರೈಲಿಗೆ ಕುಮಟಾದಲ್ಲಿ ಇಳಿದು ಶಿರಸಿ ಬಸ್ ಹತ್ತಿ. ಕೈಗಡಿಯಾರವನ್ನು ಹದಿನೈದು ನಿಮಿಷ ಹಿಂದಕ್ಕೆ ತಿರುಗಿಸಿದ್ದೀರೋ ಇಲ್ಲವೋ ರೈಲು ಹತ್ತುವ ಮೊದಲು ನೋಡಿಕೊಳ್ಳಿ. ಮಾವನವರಿಗೆ ಮಾತ್ರ ಆ ಕೆಲಸ ಇರಲಿಲ್ಲ.